ಬೋರ್ಡ್ ಗುಡಿಸುವ ಸ್ಪೆಲ್ ಸುತ್ತ ಡೆಕ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡು ಆಟದಲ್ಲಿ ಹೆಚ್ಚಾಗಿ ಆಡೋದು ಕಂಟ್ರೋಲ್ ಡೆಕ್, ಅಂದ್ರೆ ಎದುರಾಳಿಯ ಆಟ ತಡೆಯುತ್ತಾ ನಿಧಾನವಾಗಿ ಗೆಲ್ಲುವ ಕಾರ್ಡುಗಳ ಕಟ್ಟು. ಹೊಸದಾಗಿ ಇಂಥ ಡೆಕ್ ಕಟ್ಟುವವರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ತರಹ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಂದೇ ಕಡೆ ಬರೆದಿದ್ದೇನೆ. ಉದಾಹರಣೆಗಳು ಮ್ಯಾಜಿಕ್‌ನವು. ಬೇರೆ ಆಟಗಳ ಬಗ್ಗೆ ಕೊನೆಯ ಭಾಗದಲ್ಲಿ ಸ್ವಲ್ಪ ಇದೆ.

ಬೋರ್ಡ್ ವೈಪ್ ಅಂದ್ರೆ ನಿಜಕ್ಕೂ ಏನು?

ಟೇಬಲ್ ಮೇಲಿರುವ ಕ್ರೀಚರ್‌ಗಳನ್ನೆಲ್ಲ (ದಾಳಿ ಮಾಡುವ, ತಡೆಯುವ ಜೀವಿ ಕಾರ್ಡುಗಳು) ಒಂದೇ ಏಟಿಗೆ ಗುಡಿಸಿಹಾಕುವ ಕಾರ್ಡು. ಕೆಲವರು ಸ್ವೀಪರ್ ಅಂತಾರೆ, ಕೆಲವರು ಸುಮ್ನೆ ರಾತ್ ಅಂತಾರೆ. ಆ ಹೆಸರು ಬಂದಿದ್ದು ರಾತ್ ಆಫ್ ಗಾಡ್ ಎಂಬ ಕಾರ್ಡಿನಿಂದ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಹೊರಬಂತು. ಅದರ ಮೊದಲ ಸೆಟ್ ಆದ ಆಲ್ಫಾದಲ್ಲೇ ಈ ಕಾರ್ಡು ಇತ್ತು. ಬೆಲೆ ನಾಲ್ಕು ಮನಾ (ಕಾರ್ಡು ಹಾಕಲು ಕೊಡುವ ಶಕ್ತಿ, ಲ್ಯಾಂಡ್ ಕಾರ್ಡುಗಳಿಂದ ಬರುತ್ತೆ), ಅದರಲ್ಲಿ ಎರಡು ಬಿಳಿ. ಎಲ್ಲ ಕ್ರೀಚರ್‌ಗಳೂ ನಾಶ, ರೀಜನರೇಟ್ ಮಾಡಿ ಉಳಿಸಿಕೊಳ್ಳಲೂ ಆಗದು. ಇಷ್ಟೇ ಬರಹ.

ಆಮೇಲೆ ಇದರ ಅಣ್ಣತಮ್ಮಂದಿರು ಸುಮಾರು ಬಂದವು. 2007ರ ಡ್ಯಾಮ್ನೇಷನ್ ಇದೇ ಕೆಲಸವನ್ನು ಕಪ್ಪು ಬಣ್ಣದಲ್ಲಿ ಮಾಡಿತು. 2009ರ ಡೇ ಆಫ್ ಜಡ್ಜ್‌ಮೆಂಟ್ ರೀಜನರೇಟ್ ಸಾಲನ್ನು ಮಾತ್ರ ಬಿಟ್ಟಿತು. 2012ರ ಸುಪ್ರೀಮ್ ವರ್ಡಿಕ್ಟ್‌ಗೆ ಒಂದು ನೀಲಿ ಮನಾ ಬೇಕು, ಆದರೆ ಅದನ್ನು ಕೌಂಟರ್ ಮಾಡಲು (ಹಾಕುವಾಗಲೇ ತಡೆದು ರದ್ದು ಮಾಡಲು) ಸಾಧ್ಯವೇ ಇಲ್ಲ.

ಒಳ್ಳೆ ಕಾರ್ಡು ತಾನೆ, ಯಾವ ಡೆಕ್‌ಗೆ ಬೇಕಾದ್ರೂ ಎರಡು ಹಾಕಬಹುದಲ್ವಾ?

ಹಾಕಬಹುದು, ಆದರೆ ಅದು ವೈಪ್ ಡೆಕ್ ಆಗಲ್ಲ. ತುಂಬಾ ಜನ ಎಡವೋದು ಇಲ್ಲೇ. ಇಪ್ಪತ್ತು ಕ್ರೀಚರ್ ಇರುವ ಡೆಕ್‌ಗೆ "ಕಷ್ಟಕಾಲಕ್ಕೆ ಇರಲಿ" ಅಂತ ಎರಡು ರಾತ್ ಸೇರಿಸುತ್ತಾರೆ. ಆಟದಲ್ಲಿ ಅದು ಕೈಗೆ ಬಂದಾಗ ತಮ್ಮದೇ ಮೂರು ಕ್ರೀಚರ್ ಟೇಬಲ್ ಮೇಲಿರುತ್ತವೆ. ಬಳಸಿದ್ರೆ ತಮಗೂ ನಷ್ಟ, ಬಳಸದಿದ್ರೆ ಕೈಯಲ್ಲಿ ಒಂದು ಕಾರ್ಡು ದಂಡ.

ಲೆಕ್ಕ ಸರಳ. ನೀವು ಒಂದು ಕಾರ್ಡು ಖರ್ಚು ಮಾಡಿ ಎದುರಾಳಿಯ ಮೂರು ಕಾರ್ಡು ತೆಗೆದರೆ ಎರಡು ಕಾರ್ಡಿನ ಲಾಭ. ಅದೇ ಹೊತ್ತಿಗೆ ನಿಮ್ಮ ಎರಡು ಕ್ರೀಚರ್ ಸತ್ತರೆ ಆ ಲಾಭ ಅಲ್ಲಿಗೇ ಮುಗಿಯಿತು. ಹಾಗಾಗಿ ಈ ಡೆಕ್ ಕಟ್ಟುವಾಗ ಪ್ರತಿ ಕಾರ್ಡಿಗೂ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: ವೈಪ್ ಹಾಕಿದ ದಿನ ಇದು ನನ್ನ ಜೊತೆ ಉಳಿಯುತ್ತಾ? ಉಳಿಯಲ್ಲ ಅಂದ್ರೆ, ಸಾಯುವ ಮೊದಲೇ ಅದು ತನ್ನ ಕೆಲಸ ಮುಗಿಸಿರುತ್ತಾ? ಎರಡಕ್ಕೂ ಇಲ್ಲ ಅನ್ನೋ ಉತ್ತರ ಬಂದರೆ ಆ ಕಾರ್ಡು ಎಷ್ಟೇ ಚೆನ್ನಾಗಿದ್ರೂ ಹೊರಗೆ.

60 ಕಾರ್ಡಿನ ಡೆಕ್‌ನಲ್ಲಿ ಎಷ್ಟು ವೈಪ್ ಇರಬೇಕು?

ನಾನು ಸಾಮಾನ್ಯವಾಗಿ ಆರು ಇಡುತ್ತೇನೆ. ನಾಲ್ಕು ಮನಾದ್ದು ನಾಲ್ಕು, ಅದಕ್ಕಿಂತ ದುಬಾರಿಯಾದದ್ದು ಎರಡು.

ಯಾಕೆ ಆರು ಅಂದ್ರೆ, ಒಂದೇ ಹೆಸರಿನ ನಾಲ್ಕು ಕಾರ್ಡು ಹಾಕಿದ ಮಾತ್ರಕ್ಕೆ ಅದು ಬೇಕಾದಾಗ ಕೈಗೆ ಬರುತ್ತೆ ಅಂತ ಏನಿಲ್ಲ. ನೀವು ಮೊದಲು ಆಡುತ್ತಿದ್ದರೆ ನಾಲ್ಕನೇ ಟರ್ನ್ ಹೊತ್ತಿಗೆ 10 ಕಾರ್ಡು ನೋಡಿರುತ್ತೀರಿ, ಎರಡನೆಯವರಾಗಿ ಆಡಿದರೆ 11. ಮಲ್ಲಿಗನ್ (ಮೊದಲ ಕೈ ಬಿಟ್ಟು ಹೊಸದು ಎಳೆಯೋದು) ಇಲ್ಲ, ಹೆಚ್ಚುವರಿ ಡ್ರಾ (ಕಾರ್ಡು ಎಳೆಯೋದು) ಇಲ್ಲ ಅಂದುಕೊಂಡು ಲೆಕ್ಕ ಹಾಕಿ. ನಾಲ್ಕು ವೈಪ್ ಇದ್ದರೆ ಆ ಹೊತ್ತಿಗೆ ಕನಿಷ್ಠ ಒಂದು ಕೈಯಲ್ಲಿರುವ ಸಾಧ್ಯತೆ ಮೊದಲು ಆಡುವವರಿಗೆ ಸುಮಾರು ಶೇ. 53, ಎರಡನೆಯವರಿಗೆ ಸುಮಾರು ಶೇ. 57. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಆರು ಇದ್ದರೆ ಇದು ಶೇ. 68 ಮತ್ತು ಶೇ. 72ಕ್ಕೆ ಏರುತ್ತೆ. ಎಂಟು ಹಾಕಿದರೆ ಎರಡನೆಯವರಿಗೆ ಶೇ. 82.

ಹಾಗಾದ್ರೆ ಎಂಟೇ ಹಾಕೋಣ ಅನ್ನಬೇಡಿ. ಕೈಯಲ್ಲಿ ಮೂರು ವೈಪ್ ಕೂತು, ಎದುರಾಳಿಯ ಬಳಿ ಒಂದೇ ಒಂದು ಕ್ರೀಚರ್ ಇರುವ ಆಟಗಳನ್ನು ಆಡಿ ನೋಡಿದ್ದೇನೆ. ಒಂದಕ್ಕೆ ಒಂದರಂತೆ ದುಬಾರಿ ಕಾರ್ಡು ಸುರಿಯಬೇಕಾಗುತ್ತೆ. ಆರು ಇಟ್ಟು, ಉಳಿದ ಕೊರತೆಯನ್ನು ಡ್ರಾ ಕಾರ್ಡುಗಳಿಂದ ತುಂಬುವುದು ವಾಸಿ.

ಉಳಿದ 54 ಕಾರ್ಡು ಏನು ಹಾಕಲಿ?

ನನ್ನ ಬಿಳಿ-ನೀಲಿ ಡೆಕ್ ಶುರುವಾಗೋದು ಈ ಲೆಕ್ಕದಿಂದ: 26 ಲ್ಯಾಂಡ್, 6 ವೈಪ್, 8 ಅಗ್ಗದ ರಿಮೂವಲ್ (ಒಂದು ಕ್ರೀಚರ್ ತೆಗೆಯುವ ಕಾರ್ಡು), 7 ಕೌಂಟರ್, 8 ಡ್ರಾ, 5 ಗೆಲ್ಲಿಸುವ ಕಾರ್ಡು. ಒಟ್ಟು 60. ಯಾವ ಫಾರ್ಮ್ಯಾಟ್ (ಯಾವ ಕಾರ್ಡು ಬಳಸಬಹುದು ಅನ್ನೋ ಆಟದ ಬಗೆ), ಎದುರಿಗೆ ಯಾವ ಡೆಕ್ ಜಾಸ್ತಿ ಅನ್ನೋದರ ಮೇಲೆ ಒಂದೆರಡು ಆಚೀಚೆ ಆಗುತ್ತೆ.

ಇದರಲ್ಲಿ ಜನ ಮೊದಲು ಕತ್ತರಿ ಹಾಕೋದು ಅಗ್ಗದ ರಿಮೂವಲ್‌ಗೆ. "ವೈಪ್ ಇದೆಯಲ್ಲ, ಒಂದೊಂದೇ ಕೊಲ್ಲೋದು ಯಾಕೆ?" ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಕಾರಣ ಮುಂದೆ ಲೆಕ್ಕ ಸಮೇತ ಇದೆ.

ಲ್ಯಾಂಡ್ 26 ಜಾಸ್ತಿ ಆಗಲ್ವಾ?

ಇಲ್ಲ. 24 ಲ್ಯಾಂಡ್ ಇದ್ದರೆ ಮೊದಲ 10 ಕಾರ್ಡಿನಲ್ಲಿ ಸರಾಸರಿ ಸರಿಯಾಗಿ 4 ಲ್ಯಾಂಡ್ ಬರುತ್ತೆ. ಸರಾಸರಿ 4 ಅಂದ್ರೆ ಎಷ್ಟೋ ಆಟಗಳಲ್ಲಿ 3 ಮಾತ್ರ ಬರುತ್ತೆ ಅಂತಲೇ ಅರ್ಥ. ನಾಲ್ಕನೇ ಟರ್ನ್‌ಗೆ ನಾಲ್ಕನೇ ಲ್ಯಾಂಡ್ ಸಿಗದೆ ಇದ್ದರೆ ಈ ಡೆಕ್ ಸತ್ತ ಹಾಗೆ. 26 ಇದ್ದರೆ ಸರಾಸರಿ 4.3ರ ಆಸುಪಾಸು. ನಾನು ಒಂದು ಲ್ಯಾಂಡ್ ಜಾಸ್ತಿ ಬಂದು ಸೋತದ್ದಕ್ಕಿಂತ ಒಂದು ಕಮ್ಮಿ ಬಿದ್ದು ಸೋತದ್ದೇ ಹೆಚ್ಚು.

ಬಣ್ಣದ ಕಡೆಯೂ ಗಮನ ಇರಲಿ. ವೈಪ್‌ಗೆ ಎರಡು ಬಿಳಿ ಬೇಕು. 26ರಲ್ಲಿ ಬಿಳಿ ಕೊಡುವ ಲ್ಯಾಂಡ್ 18ಕ್ಕಿಂತ ಕಮ್ಮಿ ಆದರೆ ನಾನು ಡೆಕ್ ಮತ್ತೆ ಬಿಚ್ಚುತ್ತೇನೆ. ಎರಡು ಬಣ್ಣ ಕೊಡುವ ಲ್ಯಾಂಡ್ ಒಳ್ಳೆಯದೇ. ಆದರೆ ಟ್ಯಾಪ್ ಆಗಿಯೇ ಬರುವ (ಅಂದ್ರೆ ಇಳಿದ ಟರ್ನ್‌ನಲ್ಲಿ ಮನಾ ಕೊಡದ) ಲ್ಯಾಂಡ್ ನಾಲ್ಕನೇ ಟರ್ನ್‌ಗೆ ಕೈಯಲ್ಲಿ ಉಳಿದಿದ್ದರೆ ವೈಪ್ ಒಂದು ಟರ್ನ್ ತಡ. ಅಂಥವನ್ನು ಮೊದಲ ಟರ್ನ್‌ನಲ್ಲೇ ಇಳಿಸಿಬಿಡಿ.

ನಾಲ್ಕನೇ ಟರ್ನ್‌ವರೆಗೆ ಬದುಕೋದು ಹೇಗೆ?

ಈ ಡೆಕ್‌ನ ಗುಟ್ಟು ಇರೋದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ. ಎದುರಾಳಿ ಮೊದಲು ಆಡುತ್ತಿದ್ದಾರೆ. ಪ್ರತಿ ಟರ್ನ್‌ಗೆ ಒಂದು ಕ್ರೀಚರ್ ಇಳಿಸುತ್ತಾರೆ. ಮೊದಲ ಎರಡಕ್ಕೆ ಪವರ್ (ಕೊಡುವ ಏಟು) 2, ಆಮೇಲಿನವಕ್ಕೆ ಪವರ್ 3. ನಿಮ್ಮ ಲೈಫ್ 20.

ನೀವು ಏನೂ ಮಾಡದೆ ವೈಪ್‌ಗೆ ಕಾದರೆ ಹೀಗಾಗುತ್ತೆ. ಎರಡನೇ ಟರ್ನ್‌ನಲ್ಲಿ 2 ಏಟು, ಲೈಫ್ 18. ಮೂರನೇದರಲ್ಲಿ 4, ಲೈಫ್ 14. ನಾಲ್ಕನೇದರಲ್ಲಿ 7, ಲೈಫ್ 7. ಜೊತೆಗೆ ನಾಲ್ಕನೇ ಕ್ರೀಚರ್ ಇಳಿಯುತ್ತೆ. ಈಗ ನಿಮ್ಮ ನಾಲ್ಕನೇ ಟರ್ನ್. ಗುಡಿಸಿದಿರಿ, ನಾಲ್ಕು ಕಾರ್ಡು ಹೋಯಿತು. ಆದರೆ ಲೈಫ್ 7ರಲ್ಲಿ ಇದ್ದೀರಿ. ಇನ್ನೆರಡು ಬರ್ನ್ ಸ್ಪೆಲ್ (ನೇರ ಏಟು ಕೊಡುವ ಕಾರ್ಡು), ಇಳಿದ ಟರ್ನ್‌ನಲ್ಲೇ ದಾಳಿ ಮಾಡುವ ಒಂದು ಹೇಸ್ಟ್ ಕ್ರೀಚರ್ ಬಂದರೆ ಆಟ ಮುಗೀತು.

ಈಗ ಅದೇ ಆಟ, ಆದರೆ ನಿಮ್ಮ ಮೊದಲ ಟರ್ನ್‌ನಲ್ಲಿ ಸೋರ್ಡ್ಸ್ ಟು ಪ್ಲೌಶೇರ್ಸ್ ಅಥವಾ ಪಾತ್ ಟು ಎಕ್ಸೈಲ್ ತರಹದ ಒಂದು ಮನಾದ ಕಾರ್ಡಿನಿಂದ ಆ ಮೊದಲ ಕ್ರೀಚರ್ ತೆಗೆದಿರಿ ಅನ್ನಿ. ಎರಡನೇ ಟರ್ನ್‌ನಲ್ಲಿ ಏಟೇ ಇಲ್ಲ. ಮೂರನೇದರಲ್ಲಿ 2, ಲೈಫ್ 18. ನಾಲ್ಕನೇದರಲ್ಲಿ 5, ಲೈಫ್ 13. ನೀವು ಗುಡಿಸಿದಾಗ ಮೂರು ಕ್ರೀಚರ್ ಹೋಗುತ್ತೆ. ಒಂದೇ ಒಂದು ಮನಾ ನಿಮಗೆ 6 ಲೈಫ್ ಉಳಿಸಿತು. 7ರಲ್ಲಿ ನಿಂತು ಆಡೋದಕ್ಕೂ 13ರಲ್ಲಿ ನಿಂತು ಆಡೋದಕ್ಕೂ ಅಜಗಜಾಂತರ.

ಇನ್ನೊಂದು ದಾರಿ ವಾಲ್ ಆಫ್ ಓಮೆನ್ಸ್. ಎರಡು ಮನಾ, 0/4 (ಪವರ್ 0, ಟಫ್‌ನೆಸ್ ಅಂದ್ರೆ ತಾಳುವ ಏಟು 4) ಗೋಡೆ, ಇಳಿದ ಕೂಡಲೇ ಒಂದು ಕಾರ್ಡು ಕೊಡುತ್ತೆ. ಮೂರನೇ ಟರ್ನ್‌ನಲ್ಲಿ ಒಂದು ಏಟು ತಡೆಯುತ್ತೆ, ನಾಲ್ಕನೇದರಲ್ಲಿ ನಿಮ್ಮದೇ ವೈಪ್‌ಗೆ ಸಾಯುತ್ತೆ. ಸತ್ತರೂ ನಷ್ಟ ಇಲ್ಲ, ತನ್ನ ಬೆಲೆಯ ಕಾರ್ಡನ್ನು ಅದು ಆಗಲೇ ಕೊಟ್ಟಾಗಿದೆ.

ಯಾವಾಗ ಗುಡಿಸಬೇಕು? ಇನ್ನೊಂದು ಕ್ರೀಚರ್ ಬರಲಿ ಅಂತ ಕಾಯಬಹುದಾ?

ಮೇಲಿನ ಎರಡನೇ ಉದಾಹರಣೆಯನ್ನೇ ಮುಂದುವರಿಸಿ. ಲೈಫ್ 13, ಎದುರಿಗೆ ಮೂರು ಕ್ರೀಚರ್. ಒಂದು ಟರ್ನ್ ಕಾದರೆ ಅವು 2, 3, 3 ಸೇರಿ 8 ಏಟು ಕೊಡುತ್ತವೆ. ಲೈಫ್ 5ಕ್ಕೆ ಬಂತು. ಬದಲಿಗೆ ಸಿಕ್ಕಿದ್ದು ಒಂದು ಹೆಚ್ಚುವರಿ ಕ್ರೀಚರ್. ಒಂದು ಕಾರ್ಡಿಗೋಸ್ಕರ 8 ಲೈಫ್ ಕೊಡೋದು ಯಾವ ಲೆಕ್ಕದಲ್ಲೂ ಸರಿಹೋಗಲ್ಲ. ಎದುರಿಗೆ ಒಂದೇ ಕ್ರೀಚರ್, ಪವರ್ 2, ನಿಮ್ಮ ಲೈಫ್ 18 ಇದ್ದರೆ ಆಗ ಕಾಯಿರಿ. ಆಗ 2 ಲೈಫ್‌ಗೆ ಒಂದು ಕಾರ್ಡು, ಅದು ಒಳ್ಳೆ ಬೆಲೆ.

ಲೈಫ್ ಜೊತೆ ಇನ್ನೊಂದು ವಿಷಯ ನೋಡಬೇಕು: ಎದುರಾಳಿಯ ಮುಂದೆ ಎಷ್ಟು ಲ್ಯಾಂಡ್ ಟ್ಯಾಪ್ ಆಗದೆ ನಿಂತಿವೆ? ಇದನ್ನು ನಾನು ಕಲಿತದ್ದು ಒಂದು ಸೋಲಿನಿಂದ. ನನ್ನ ಲೈಫ್ 11, ಕೈಯಲ್ಲಿ ರಾತ್, ಮುಂದೆ ನಾಲ್ಕು ಲ್ಯಾಂಡ್. ಎದುರಿಗೆ ಹಸಿರು ಡೆಕ್, ಮೂರು ಕ್ರೀಚರ್. ಆ ಟರ್ನ್‌ನಲ್ಲಿ ಎದುರಾಳಿ ತಮ್ಮ ಲ್ಯಾಂಡ್ ಪೂರ್ತಿ ಟ್ಯಾಪ್ ಮಾಡಿ ಮೂರನೇ ಕ್ರೀಚರ್ ಇಳಿಸಿದ್ದರು. ನಾನು ಇನ್ನೊಂದು ಬರಲಿ ಅಂತ ಬಿಟ್ಟೆ. ಮುಂದಿನ ಟರ್ನ್‌ನಲ್ಲಿ ಅವರು ಹೊಸ ಕ್ರೀಚರ್ ಇಳಿಸಲೇ ಇಲ್ಲ. ದಾಳಿ ಮಾಡಿ, ಎರಡು ಹಸಿರು ಲ್ಯಾಂಡ್ ಹಾಗೇ ಇಟ್ಟು ಟರ್ನ್ ಬಿಟ್ಟುಕೊಟ್ಟರು. ನಾನು ರಾತ್ ಹಾಕಿದೆ. ಅವರು ಹೀರೋಯಿಕ್ ಇಂಟರ್‌ವೆನ್ಷನ್ ತೋರಿಸಿದರು. ಎರಡು ಮನಾ, ಅವರದೆಲ್ಲ ಆ ಟರ್ನ್‌ಗೆ ಇಂಡಿಸ್ಟ್ರಕ್ಟಿಬಲ್, ಅಂದ್ರೆ ನಾಶ ಆಗಲ್ಲ. ನನ್ನ ನಾಲ್ಕು ಮನಾ ನೀರುಪಾಲಾಯಿತು, ಮೂರು ಕ್ರೀಚರ್ ಹಾಗೇ ನಿಂತಿದ್ದವು.

ಒಂದು ಟರ್ನ್ ಮೊದಲು ಹಾಕಿದ್ದರೆ ಅವರು ಏನೂ ಮಾಡುವ ಹಾಗಿರಲಿಲ್ಲ. ಅಂದಿನಿಂದ ನಾನು ಕ್ರೀಚರ್ ಎಣಿಸುವ ಮೊದಲು ಟ್ಯಾಪ್ ಆಗದ ಲ್ಯಾಂಡ್ ಎಣಿಸುತ್ತೇನೆ. ಎದುರಾಳಿ ಪೂರ್ತಿ ಟ್ಯಾಪ್ ಆಗಿದ್ದಾಗ ಎರಡೇ ಕ್ರೀಚರ್ ಇದ್ದರೂ ಗುಡಿಸುತ್ತೇನೆ. ಎರಡಕ್ಕೆ ಒಂದು ಸಾಕು.

ಗುಡಿಸಿದ ಮೇಲೆ ಏನು? ಎರಡು ಟರ್ನ್‌ನಲ್ಲಿ ಎದುರಾಳಿ ಮತ್ತೆ ಬೋರ್ಡ್ ತುಂಬಿಸುತ್ತಾರೆ.

ಹೌದು, ಅದಕ್ಕೇ ಐದನೇ ಟರ್ನ್ ನಾಲ್ಕನೇದಷ್ಟೇ ಮುಖ್ಯ. ಗುಡಿಸಿದ ಟರ್ನ್‌ನಲ್ಲಿ ನಿಮ್ಮ ಮನಾ ಪೂರ್ತಿ ಖಾಲಿ. ಎದುರಾಳಿ ಖಾಲಿ ಬೋರ್ಡ್‌ಗೆ ಒಂದು ಹೊಸ ಕ್ರೀಚರ್ ಇಳಿಸುತ್ತಾರೆ. ಈಗ ನೀವು ಸುಮ್ಮನಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ನನಗೆ ತುಂಬಾ ಇಷ್ಟವಾದ ಜೋಡಿ 2018ರಲ್ಲಿ ಬಂದ ಟೆಫೆರಿ, ಹೀರೋ ಆಫ್ ಡೊಮಿನೇರಿಯಾ. ಐದು ಮನಾದ ಪ್ಲೇನ್ಸ್‌ವಾಕರ್, ಅಂದ್ರೆ ಬೋರ್ಡ್ ಮೇಲೆ ಉಳಿದು ಪ್ರತಿ ಟರ್ನ್ ಒಂದು ಸಾಮರ್ಥ್ಯ ಬಳಸಬಹುದಾದ ಕಾರ್ಡು. ನಾಲ್ಕನೇ ಟರ್ನ್‌ನಲ್ಲಿ ಗುಡಿಸಿ, ಐದನೇದರಲ್ಲಿ ಟೆಫೆರಿ ಇಳಿಸಿ, ಅದರ ಪ್ಲಸ್ ಸಾಮರ್ಥ್ಯ ಬಳಸಿ ಒಂದು ಕಾರ್ಡು ಎಳೆಯಿರಿ. ಟರ್ನ್ ಕೊನೆಗೆ ಎರಡು ಲ್ಯಾಂಡ್ ಅನ್‌ಟ್ಯಾಪ್ ಆಗುತ್ತವೆ, ಮತ್ತೆ ಬಳಸಬಹುದು. ಆ ಎರಡು ಮನಾದಲ್ಲಿ ಕೌಂಟರ್‌ಸ್ಪೆಲ್ ಅಥವಾ ರಿಮೂವಲ್ ಹಿಡಿದು ಕೂರಬಹುದು. ಎದುರಾಳಿ ಮುಂದಿನ ಕ್ರೀಚರ್ ಇಳಿಸಲು ಹೋದಾಗ ಅದೂ ಬರಲ್ಲ. ಅಲ್ಲಿಂದ ಆಟ ನಿಮ್ಮ ಕೈಗೆ ಬಂದಂತೆ.

ಟೆಫೆರಿ ನಿಮ್ಮ ಫಾರ್ಮ್ಯಾಟ್‌ನಲ್ಲಿ ಇಲ್ಲದೇ ಇರಬಹುದು. ಹೆಸರು ಮುಖ್ಯ ಅಲ್ಲ. ಐದನೇ ಟರ್ನ್‌ಗೆ ಬೋರ್ಡ್ ಮೇಲೆ ಉಳಿಯುವಂಥದ್ದೊಂದು ಇಳಿಸಬೇಕು, ಜೊತೆಗೆ ಒಂದು ತಡೆ ಇಟ್ಟುಕೊಳ್ಳಬೇಕು.

ಕ್ರೀಚರ್ ಇಲ್ಲದೆ ಗೆಲ್ಲೋದು ಹೇಗೆ?

ಪ್ಲೇನ್ಸ್‌ವಾಕರ್‌ಗಳು 2007ರ ಲಾರ್ವಿನ್ ಸೆಟ್‌ನಲ್ಲಿ ಬಂದ ಮೇಲೆ ಈ ಪ್ರಶ್ನೆ ಸುಲಭ ಆಯಿತು, ಯಾಕಂದ್ರೆ ರಾತ್ ಅವನ್ನು ಮುಟ್ಟಲ್ಲ. ಇನ್ನೊಂದು ಉಪಾಯ ಕ್ರೀಚರ್ ಆಗಬಲ್ಲ ಲ್ಯಾಂಡ್. ಸೆಲೆಸ್ಟಿಯಲ್ ಕಾಲೊನೇಡ್‌ಗೆ ಐದು ಮನಾ ಕೊಟ್ಟರೆ ಆ ಟರ್ನ್‌ಗೆ 4/4 ಹಾರುವ ಕ್ರೀಚರ್, ಟರ್ನ್ ಮುಗಿದ ಮೇಲೆ ಮತ್ತೆ ಲ್ಯಾಂಡ್. ಮ್ಯೂಟವಾಲ್ಟ್‌ಗೆ ಒಂದೇ ಮನಾ, 2/2. ಗುಡಿಸುವಾಗ ಅವು ಬರೀ ಲ್ಯಾಂಡ್, ಹಾಗಾಗಿ ಪಾರಾಗುತ್ತವೆ. ನಿಧಾನ ಅನ್ನಿಸಬಹುದು. ಆದರೆ ಎದುರಾಳಿಯ ಕೈ ಖಾಲಿಯಾದ ಮೇಲೆ ಐದು ಟರ್ನ್ ಹಿಡಿದರೂ ಪರವಾಗಿಲ್ಲ.

ದೊಡ್ಡ ಕ್ರೀಚರ್ ಒಂದೆರಡು ಇಟ್ಟುಕೊಳ್ಳುವುದೂ ತಪ್ಪಲ್ಲ. ಕೊನೆಯ ವೈಪ್ ಆದ ಮೇಲೆ ಇಳಿಸಿ, ಅಷ್ಟೇ.

ವೈಪ್‌ಗಳಲ್ಲೇ ಎಷ್ಟೊಂದು ತರಹ ಇವೆ. ಯಾವುದು ಆರಿಸಲಿ?

ಕಾರ್ಡಿನ ಮೇಲೆ ಬರೆದಿರುವ ಕ್ರಿಯಾಪದ ನೋಡಿ. ನಾಶ ಮಾಡುತ್ತಾ, ಎಕ್ಸೈಲ್ (ಆಟದಿಂದಲೇ ಹೊರಗೆ) ಮಾಡುತ್ತಾ, ಡ್ಯಾಮೇಜ್ ಕೊಡುತ್ತಾ, ಪವರ್ ಮತ್ತು ಟಫ್‌ನೆಸ್‌ಗೆ ಮೈನಸ್ ಹಾಕುತ್ತಾ? ವ್ಯತ್ಯಾಸ ಎಲ್ಲ ಅಲ್ಲೇ ಇರೋದು.

ನಾಶ ಮಾಡುವವು ಅಗ್ಗ. ಎಕ್ಸೈಲ್ ಮಾಡುವವು ಒಂದೆರಡು ಮನಾ ದುಬಾರಿ, ಆದರೆ ಗ್ರೇವ್‌ಯಾರ್ಡ್‌ನಿಂದ (ಸತ್ತ ಕಾರ್ಡುಗಳ ರಾಶಿಯಿಂದ) ಏನೂ ಎದ್ದು ಬರಲ್ಲ. 2023ರ ಸನ್‌ಫಾಲ್‌ಗೆ ಐದು ಮನಾ, ಎಲ್ಲ ಕ್ರೀಚರ್ ಎಕ್ಸೈಲ್. ಹೋದ ಕ್ರೀಚರ್ ಎಷ್ಟೋ ಅಷ್ಟು ಕೌಂಟರ್ (ಇಲ್ಲಿ ತಡೆಯಲ್ಲ, ಬಲ ಹೆಚ್ಚಿಸುವ ಗುರುತು) ಇರುವ ಒಂದು ಟೋಕನ್ (ಡೆಕ್‌ನ ಕಾರ್ಡಲ್ಲದ ಬಿಲ್ಲೆ) ನಿಮಗೇ ಸಿಗುತ್ತೆ, ಆಮೇಲೆ ಅದನ್ನೇ ಕ್ರೀಚರ್ ಮಾಡಿ ಗೆಲ್ಲಬಹುದು. ಅಂದ್ರೆ ಗುಡಿಸುವ ಕಾರ್ಡೂ ಅದೇ, ಗೆಲ್ಲಿಸುವ ಕಾರ್ಡೂ ಅದೇ. 2022ರ ಫೇರ್‌ವೆಲ್‌ಗೆ ಆರು ಮನಾ, ಕ್ರೀಚರ್, ಆರ್ಟಿಫ್ಯಾಕ್ಟ್, ಎನ್‌ಚಾಂಟ್‌ಮೆಂಟ್, ಗ್ರೇವ್‌ಯಾರ್ಡ್ ಇವುಗಳಲ್ಲಿ ಬೇಕಾದ್ದನ್ನೆಲ್ಲ ಆರಿಸಿ ಎಕ್ಸೈಲ್ ಮಾಡಬಹುದು. ಪ್ಲೇನ್ಸ್‌ವಾಕರ್‌ಗಳನ್ನು ಅದು ಬಿಡುತ್ತೆ, ನಮ್ಮ ಡೆಕ್‌ಗೆ ಇನ್ನೇನು ಬೇಕು!

ಕೆಂಪಿನಲ್ಲಿ ಡ್ಯಾಮೇಜ್. ಪೈರೋಕ್ಲ್ಯಾಸಂ ಎರಡು ಮನಾಕ್ಕೆ ಎಲ್ಲ ಕ್ರೀಚರ್‌ಗೂ 2. ಆಂಗರ್ ಆಫ್ ದಿ ಗಾಡ್ಸ್ ಮೂರು ಮನಾಕ್ಕೆ 3, ಅದರಿಂದ ಸಾಯಬೇಕಾದವು ಎಕ್ಸೈಲ್ ಆಗುತ್ತವೆ. ವೇಗದ ಡೆಕ್‌ಗಳ ಎದುರು ಇವು ಬಂಗಾರ, ದೊಡ್ಡ ಕ್ರೀಚರ್ ಎದುರು ಕೆಲಸಕ್ಕೆ ಬರಲ್ಲ. ಕಪ್ಪಿನ ಟಾಕ್ಸಿಕ್ ಡೆಲ್ಯೂಜ್ ಮೂರು ಮನಾದ್ದು, ನೀವು ಎಷ್ಟು ಲೈಫ್ ಕೊಡುತ್ತೀರೋ ಅಷ್ಟು ಮೈನಸ್. ನಾನು 60 ಕಾರ್ಡಿನ ಡೆಕ್‌ನಲ್ಲಿ ಅದನ್ನು ಹಿಂಜರಿಕೆಯಿಂದಲೇ ಬಳಸುತ್ತೇನೆ. ವೈಪ್ ಬೇಕಾಗೋ ಹೊತ್ತಿಗೆ ಕೊಡಲು ಲೈಫ್ ಉಳಿದಿರಬೇಕಲ್ಲ.

2021ರ ಡೂಮ್‌ಸ್ಕಾರ್ ಬಗ್ಗೆ ಒಂದು ಮಾತು. ಎರಡನೇ ಟರ್ನ್‌ನಲ್ಲಿ ಎರಡು ಮನಾ ಕೊಟ್ಟು ಮುಚ್ಚಿಡಿ, ಮೂರನೇದರಲ್ಲಿ ಮೂರು ಮನಾಕ್ಕೆ ಗುಡಿಸಿ. ಒಂದು ಟರ್ನ್ ಮೊದಲೇ! ಎದುರಿಗೆ ಮುಚ್ಚಿಟ್ಟ ಕಾರ್ಡು ಕಾಣುತ್ತೆ, ಅದು ಏನು ಅಂತ ಗೊತ್ತಾಗಲ್ಲ. ಆ ಅನುಮಾನವೇ ಅರ್ಧ ಕೆಲಸ ಮಾಡುತ್ತೆ.

ಹೆಕ್ಸ್‌ಪ್ರೂಫ್, ವಾರ್ಡ್, ಪ್ರೊಟೆಕ್ಷನ್ ಇರುವ ಕ್ರೀಚರ್ ಉಳಿದುಕೊಳ್ಳುತ್ತಾ?

ಇವು ಕ್ರೀಚರ್‌ಗೆ ರಕ್ಷಣೆ ಕೊಡುವ ಗುಣಗಳು. ಹೆಕ್ಸ್‌ಪ್ರೂಫ್, ವಾರ್ಡ್ ಎರಡೂ ಟಾರ್ಗೆಟ್ ಮಾಡಿದಾಗ (ಅದನ್ನೇ ಗುರಿಯಾಗಿ ಆರಿಸಿದಾಗ) ಮಾತ್ರ ಕೆಲಸ ಮಾಡೋದು. ರಾತ್ ಯಾರನ್ನೂ ಟಾರ್ಗೆಟ್ ಮಾಡಲ್ಲ. ಹಾಗಾಗಿ ಸಾಯುತ್ತವೆ. ಬಿಳಿಯಿಂದ ಪ್ರೊಟೆಕ್ಷನ್ ಇರುವ ಕ್ರೀಚರ್ ಕೂಡ ರಾತ್‌ಗೆ ಸಾಯುತ್ತೆ. ಆದರೆ ಕೆಂಪಿನಿಂದ ಪ್ರೊಟೆಕ್ಷನ್ ಇದ್ದರೆ ಪೈರೋಕ್ಲ್ಯಾಸಂನಿಂದ ಸಾಯಲ್ಲ, ಯಾಕಂದ್ರೆ ಪ್ರೊಟೆಕ್ಷನ್ ಡ್ಯಾಮೇಜನ್ನು ತಡೆಯುತ್ತೆ. ಇಂಡಿಸ್ಟ್ರಕ್ಟಿಬಲ್ ಆದದ್ದು ನಾಶಕ್ಕೂ ಡ್ಯಾಮೇಜ್‌ಗೂ ಬಗ್ಗಲ್ಲ. ಅದಕ್ಕೆ ಎಕ್ಸೈಲ್ ಬೇಕು, ಇಲ್ಲಾ ಟಫ್‌ನೆಸ್ ಸೊನ್ನೆ ಮಾಡುವ ಮೈನಸ್ ಬೇಕು.

ಗುಡಿಸಿದ ಕೂಡಲೇ ನಾನೇ ಸತ್ತೆ. ಏನಾಯಿತು?

ಎದುರಿಗೆ ಬ್ಲಡ್ ಆರ್ಟಿಸ್ಟ್ ಇತ್ತಾ? ಅದು ಸತ್ತರೆ ಅಥವಾ ಬೇರೆ ಯಾವುದೇ ಕ್ರೀಚರ್ ಸತ್ತರೆ ಒಬ್ಬ ಆಟಗಾರ 1 ಲೈಫ್ ಕಳೆದುಕೊಳ್ಳುತ್ತಾನೆ, ಅದರ ಒಡೆಯ 1 ಗಳಿಸುತ್ತಾನೆ. ಎಲ್ಲವೂ ಒಟ್ಟಿಗೇ ಸಾಯುವಾಗ ಬ್ಲಡ್ ಆರ್ಟಿಸ್ಟ್ ತನ್ನ ಜೊತೆ ಸತ್ತವನ್ನೆಲ್ಲ ನೋಡುತ್ತೆ. ಅದೊಂದು, ಜೊತೆಗೆ ಐದು ಟೋಕನ್ ಇದ್ದರೆ ಆರು ಸಲ ಟ್ರಿಗರ್. ನಿಮ್ಮ ಲೈಫ್ 6 ಇದ್ದರೆ ನಿಮ್ಮ ವೈಪೇ ನಿಮ್ಮನ್ನು ಕೊಂದ ಹಾಗೆ.

ಇಂಥ ಡೆಕ್ ಎದುರು ಮೊದಲು ಬ್ಲಡ್ ಆರ್ಟಿಸ್ಟ್‌ಗೆ ಅಗ್ಗದ ರಿಮೂವಲ್ ಹಾಕಿ, ಆಮೇಲೆ ಗುಡಿಸಿ. ಅಥವಾ ಎಕ್ಸೈಲ್ ಮಾಡುವ ವೈಪ್ ಬಳಸಿ, ಆಗ ಯಾವುದೂ "ಸತ್ತ" ಲೆಕ್ಕಕ್ಕೆ ಬರಲ್ಲ. 2012ರ ಟರ್ಮಿನಸ್ ಕೂಡ ಇಲ್ಲಿ ಚೆನ್ನ, ಅದು ಕ್ರೀಚರ್‌ಗಳನ್ನು ಲೈಬ್ರರಿಯ (ಇನ್ನೂ ಎಳೆಯದ ಕಾರ್ಡುಗಳ ರಾಶಿಯ) ತಳಕ್ಕೆ ಕಳಿಸುತ್ತೆ. ಆ ಟರ್ನ್‌ನಲ್ಲಿ ಎಳೆದ ಮೊದಲ ಕಾರ್ಡು ಅದೇ ಆದರೆ ಒಂದೇ ಬಿಳಿ ಮನಾಕ್ಕೆ ಹಾಕಬಹುದು.

ಎದುರಾಳಿಗೆ ನನ್ನ ಡೆಕ್ ಗೊತ್ತು. ಎರಡೇ ಕ್ರೀಚರ್ ಇಳಿಸಿ ಉಳಿದದ್ದು ಕೈಯಲ್ಲೇ ಇಟ್ಟುಕೊಳ್ಳುತ್ತಾರೆ.

ಒಳ್ಳೆಯ ಆಟಗಾರರು ಹಾಗೇ ಮಾಡುತ್ತಾರೆ. ಚಿಂತೆ ಬೇಡ, ಅದರಿಂದ ನಿಮಗೂ ಲಾಭ ಇದೆ. ಅವರು ನಿಧಾನವಾದರೆ ನಿಮಗೆ ಲ್ಯಾಂಡ್ ಇಳಿಸಲು, ಕಾರ್ಡು ಎಳೆಯಲು ಸಮಯ ಸಿಕ್ಕಿತು. ಆಟ ಉದ್ದವಾದಷ್ಟೂ ನಿಮ್ಮ ಡೆಕ್ ಬಲವಾಗುತ್ತೆ. ನಿಮ್ಮ ಕೈಯಲ್ಲಿ ವೈಪ್ ಇಲ್ಲದಿದ್ದರೂ ಇದೆ ಅನ್ನೋ ಭಯದಲ್ಲೇ ಅವರು ಆಡುತ್ತಿರುತ್ತಾರೆ. ಆಗ ಆ ಎರಡು ಕ್ರೀಚರ್‌ಗೆ ಒಂದೊಂದೇ ರಿಮೂವಲ್ ಖರ್ಚು ಮಾಡಿ, ವೈಪ್ ಉಳಿಸಿಕೊಳ್ಳಿ.

ಅವರನ್ನು ಹೊರಗೆಳೆಯಲೂ ಬಹುದು. ಒಂದು ಪ್ಲೇನ್ಸ್‌ವಾಕರ್ ಇಳಿಸಿ. ಅದು ಪ್ರತಿ ಟರ್ನ್ ಕಾರ್ಡು ಕೊಡುತ್ತಿದ್ದರೆ ಅವರು ಸುಮ್ಮನೆ ಕೂರಲಾಗಲ್ಲ. ಅದನ್ನು ಕೊಲ್ಲಲು ಇನ್ನೆರಡು ಕ್ರೀಚರ್ ಇಳಿಸಲೇಬೇಕು. ಇಳಿಸಿದ ಮೇಲೆ ನಿಮ್ಮ ಕೆಲಸ ಗೊತ್ತೇ ಇದೆ.

ಇಲ್ಲಿ ಎಚ್ಚರ ಬೇಕಾದದ್ದು ಕಲೆಕ್ಟೆಡ್ ಕಂಪನಿ ತರಹದ ಕಾರ್ಡಿಗೆ. ನಾಲ್ಕು ಮನಾದ ಇನ್‌ಸ್ಟಂಟ್, ನಿಮ್ಮ ಟರ್ನ್ ಕೊನೆಯಲ್ಲಿ ಒಟ್ಟಿಗೆ ಎರಡು ಕ್ರೀಚರ್ ತಂದುಬಿಡುತ್ತೆ. ಅಂಥ ಡೆಕ್ ಎದುರು ಕೌಂಟರ್ ಉಳಿಸಿಕೊಂಡೇ ಇರಿ.

ಸೈಡ್‌ಬೋರ್ಡ್ ಹೇಗೆ?

ಸೈಡ್‌ಬೋರ್ಡ್ ಅಂದ್ರೆ ಒಂದು ಆಟ ಮುಗಿದ ಮೇಲೆ ಡೆಕ್‌ಗೆ ಬದಲಾಯಿಸಿಕೊಳ್ಳಲು ಪಕ್ಕದಲ್ಲಿಡುವ ಕಾರ್ಡುಗಳು. ಆ 15 ಕಾರ್ಡಿನಲ್ಲಿ ಮೊದಲು ಯೋಚಿಸಬೇಕಾದ್ದು ವೈಪ್ ಬೇಡವಾದ ಆಟಗಳ ಬಗ್ಗೆ. ಎದುರಿಗೂ ಕಂಟ್ರೋಲ್ ಡೆಕ್ ಇದ್ದರೆ ಆರು ವೈಪ್ ದಂಡ. ಅವನ್ನು ತೆಗೆದು ಹಾಕಲು ಕೌಂಟರ್, ಡ್ರಾ ಮತ್ತು ಎರಡು ಗಟ್ಟಿ ಕ್ರೀಚರ್ ಇಟ್ಟುಕೊಳ್ಳಿ. ಎದುರಾಳಿ ತಮ್ಮ ಕ್ರೀಚರ್ ರಿಮೂವಲ್ ಅನ್ನು ಆಗಲೇ ಹೊರಗೆ ಹಾಕಿರುತ್ತಾರೆ.

ಕ್ರೀಚರ್ ಡೆಕ್‌ನವರು ಎರಡನೇ ಆಟಕ್ಕೆ ವೈಪ್‌ಗೆ ಬಗ್ಗದ ಕಾರ್ಡು ತರುತ್ತಾರೆ. ಸ್ಮಗ್ಲರ್ಸ್ ಕಾಪ್ಟರ್ ತರಹದ ವೆಹಿಕಲ್ (ಬೇರೆ ಕ್ರೀಚರ್ ಓಡಿಸಿದಾಗ ಮಾತ್ರ ತಾನೂ ಕ್ರೀಚರ್ ಆಗುವ ವಾಹನ) ನಿಮ್ಮ ಟರ್ನ್‌ನಲ್ಲಿ ಬರೀ ಆರ್ಟಿಫ್ಯಾಕ್ಟ್, ರಾತ್ ಹಾಕಿದರೂ ಅಲ್ಲೇ ನಿಂತಿರುತ್ತೆ. ಮುಂದೆ ಒಂದು ಸಣ್ಣ ಕ್ರೀಚರ್ ಇಳಿದರೆ ಸಾಕು, ಹಾರಲು ಶುರು. ಅದಕ್ಕೆ ಆರ್ಟಿಫ್ಯಾಕ್ಟ್ ತೆಗೆಯುವ ಕಾರ್ಡು ಎರಡಾದರೂ ಬೇಕು.

ಕ್ರೀಚರ್ ಡೆಕ್‌ನಲ್ಲಿ ವೈಪ್ ಬಳಸಲೇಬಾರದಾ?

ಒಂದು ಕಡೆಗೆ ವಾಲುವ ವೈಪ್ ಇದ್ದರೆ ಧಾರಾಳವಾಗಿ. ನಿಮ್ಮ ಕ್ರೀಚರ್‌ಗಳಿಗೆಲ್ಲ ಟಫ್‌ನೆಸ್ 3 ಅಥವಾ ಹೆಚ್ಚಿದ್ದರೆ ಪೈರೋಕ್ಲ್ಯಾಸಂ ನಿಮ್ಮನ್ನು ಮುಟ್ಟಲ್ಲ. ಎಲ್ಸ್‌ಪೆತ್, ಸನ್ಸ್ ಚಾಂಪಿಯನ್ ಇನ್ನೂ ಸೊಗಸು: ಒಂದು ಕಡೆ ಪ್ರತಿ ಟರ್ನ್‌ಗೆ ಮೂರು 1/1 ಸೈನಿಕರನ್ನು ತರುತ್ತೆ, ಇನ್ನೊಂದು ಕಡೆ ಪವರ್ 4 ಅಥವಾ ಹೆಚ್ಚಿರುವ ಕ್ರೀಚರ್‌ಗಳನ್ನೆಲ್ಲ ನಾಶ ಮಾಡುತ್ತೆ. ನಿಮ್ಮ ಸೈನಿಕರು ಹಾಗೇ ಉಳಿಯುತ್ತಾರೆ.

ಕಮಾಂಡರ್ ಫಾರ್ಮ್ಯಾಟ್‌ನಲ್ಲಿ ಇದೇ ಲೆಕ್ಕ ನಡೆಯುತ್ತಾ?

ಪೂರ್ತಿ ಇಲ್ಲ. ಅಲ್ಲಿ 100 ಕಾರ್ಡು, ಒಂದೊಂದೇ ಪ್ರತಿ, 40 ಲೈಫ್, ಸಾಮಾನ್ಯವಾಗಿ ನಾಲ್ಕು ಜನ. ಲೈಫ್ ಜಾಸ್ತಿ ಇರೋದರಿಂದ ನಾಲ್ಕನೇ ಟರ್ನ್‌ಗೇ ಗುಡಿಸುವ ಅವಸರ ಇಲ್ಲ. ಆರು ಮನಾದ ಆಸ್ಟಿಯರ್ ಕಮಾಂಡ್ ತರಹದ, ಏನು ಉಳಿಯಬೇಕು ಅಂತ ನೀವೇ ಆರಿಸಬಹುದಾದ ಕಾರ್ಡು ಅಲ್ಲಿ ಹೆಚ್ಚು ಉಪಯೋಗ. ಸೈಕ್ಲಾನಿಕ್ ರಿಫ್ಟ್‌ಗೆ ಏಳು ಮನಾ ಕೊಟ್ಟರೆ ಲ್ಯಾಂಡ್ ಬಿಟ್ಟು ಬೇರೆಯವರದ್ದೆಲ್ಲ ಅವರವರ ಕೈಗೆ ವಾಪಸ್, ನಿಮ್ಮದು ಅಲುಗಲ್ಲ. ಅದನ್ನು ಗೆಲ್ಲುವ ಟರ್ನ್‌ಗೆ ಮೊದಲು, ಎದುರಾಳಿಯ ಟರ್ನ್ ಕೊನೆಗೆ ಹಾಕಿ.

ಗೆಲ್ಲುವ ದಾರಿ ಕೈಯಲ್ಲಿಲ್ಲದೆ ಮೂರು ಸಲ ಗುಡಿಸಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಮೂರು ಜನ ಮೊದಲಿನಿಂದ ಕಟ್ಟಬೇಕು, ಆಟ ಎಳೆಯುತ್ತೆ, ಮುಂದಿನ ಸಲ ಮೂವರೂ ಮೊದಲು ನಿಮ್ಮ ಮೇಲೇ ಬರುತ್ತಾರೆ.

ಬೇರೆ ಕಾರ್ಡು ಆಟಗಳಲ್ಲಿ?

ಹಾರ್ತ್‌ಸ್ಟೋನ್‌ನಲ್ಲಿ ವಾರಿಯರ್‌ನ ಬ್ರಾಲ್ ಐದು ಮನಾ, ಒಂದು ಮಿನಿಯನ್ ಬಿಟ್ಟು ಉಳಿದದ್ದೆಲ್ಲ ಸಾಯುತ್ತೆ, ಯಾವುದು ಉಳಿಯುತ್ತೆ ಅನ್ನೋದು ಅದೃಷ್ಟ. ವಾರ್ಲಾಕ್‌ನ ಟ್ವಿಸ್ಟಿಂಗ್ ನೆದರ್ ಎಂಟು ಮನಾ, ಎಲ್ಲವೂ ಹೋಗುತ್ತೆ. ಡೆಕ್ 30 ಕಾರ್ಡಿನದು, ಒಂದೇ ಕಾರ್ಡಿನ ಎರಡು ಪ್ರತಿ ಮಾತ್ರ, ಹಾಗಾಗಿ ಬೇರೆಬೇರೆ ವೈಪ್ ಸೇರಿಸಲೇಬೇಕು.

ಯೂ-ಗಿ-ಓದಲ್ಲಿ ಮನಾ ಇಲ್ಲ. ಡಾರ್ಕ್ ಹೋಲ್ ಎರಡೂ ಕಡೆಯ ಮಾನ್‌ಸ್ಟರ್‌ಗಳನ್ನು ನಾಶ ಮಾಡುತ್ತೆ, ರೈಗೆಕಿ ಎದುರಾಳಿಯವನ್ನು ಮಾತ್ರ. ಎರಡನೆಯವರಾಗಿ ಆಡುವಾಗ ಎದುರಾಳಿ ಕಟ್ಟಿ ಕೂತ ಬೋರ್ಡ್ ಒಡೆಯಲು ಇವು ಬೇಕು. ಅಲ್ಲಿ "ಬದುಕಿ ಕಾಯುವ" ಆಟವೇ ಇಲ್ಲ, ಗುಡಿಸಿದ ಟರ್ನ್‌ನಲ್ಲೇ ದಾಳಿ ಮಾಡಬೇಕು.

ಡೆಕ್ ಕಟ್ಟಿ ಆಯಿತು. ಮೊದಲು ಏನು ಪರೀಕ್ಷೆ ಮಾಡಲಿ?

ಎದುರಾಳಿ ಬೇಡ, ಒಬ್ಬರೇ ಕೂತು ಕಲೆಸಿ ಏಳು ಕಾರ್ಡು ಎಳೆಯಿರಿ. ನಾಲ್ಕನೇ ಟರ್ನ್‌ವರೆಗೆ ಆಡಿ, ಮೂರು ವಿಷಯ ಬರೆದುಕೊಳ್ಳಿ: ನಾಲ್ಕು ಲ್ಯಾಂಡ್ ಬಂತಾ, ಎರಡು ಬಿಳಿ ಇತ್ತಾ, ಮೊದಲ ಮೂರು ಟರ್ನ್‌ನಲ್ಲಿ ಒಂದಾದರೂ ಕ್ರೀಚರ್ ತಡೆಯಲು ಆಗುತ್ತಿತ್ತಾ. ಹೀಗೆ ಇಪ್ಪತ್ತು ಸಲ ಮಾಡಿ. ಮೂರನೇ ಪ್ರಶ್ನೆಗೆ ಪದೇ ಪದೇ "ಇಲ್ಲ" ಬಂದರೆ ದುಬಾರಿ ಡ್ರಾ ಒಂದೆರಡು ತೆಗೆದು ಎರಡು ಮನಾದ ರಿಮೂವಲ್ ಹಾಕಿ.

ಆಮೇಲೆ ಗೆಳೆಯರ ಹತ್ತಿರ ಅವರ ಅತಿ ವೇಗದ ಡೆಕ್ ತರಲು ಹೇಳಿ. ಹತ್ತು ಆಟ ಆಡಿ. ಪ್ರತಿ ಸಲ ವೈಪ್ ಹಾಕಿದ ಕ್ಷಣಕ್ಕೆ ನಿಮ್ಮ ಲೈಫ್ ಎಷ್ಟಿತ್ತು ಅಂತ ಬರೆದಿಡಿ. ಅದು ಹೆಚ್ಚಾಗಿ 10ಕ್ಕಿಂತ ಮೇಲಿದ್ದರೆ ಡೆಕ್ ಸರಿದಾರಿಯಲ್ಲಿದೆ. 7, 6, 5 ಅಂತ ಬರುತ್ತಿದ್ದರೆ ಏಳನೇ ವೈಪ್ ಸೇರಿಸಲು ಹೋಗಬೇಡಿ, ಒಂದು ಮನಾದ ಕಾರ್ಡು ಹುಡುಕಿ.